ತುಂಗಾ ಅತ್ಯಾಗೆ ಬಿದ್ದ ಭಿಕ್ಷೆ

ಮೂರು ವಾರದ ಹಿಂದೆ, ಒಂದು ಶನಿವಾರ ಸಂಜೆ ಐದು ಗಂಟೆಗೆ, ನಮ್ಮೂರಿನ ಚರ್ಚಿನ ಹಾಲಿನಲ್ಲಿ ಕುಳಿತಿದ್ದ ಸುಮಾರು ಎಂಬತ್ತು ಮಂದಿ ಜರ್ಮನರು ನನ್ನ ಸೋದರತ್ತೆಗೆ ಭಿಕ್ಷೆ ಹಾಕಿದರು.

ಅವರು ತೀರಿಕೊಂಡು ನಾಲ್ಕು ವರ್ಷವಾಗಿದೆ. ಬದುಕಿದ್ದಾಗ ಯಾರ ಕೈಯಿಂದಲೂ ಒಂದು ಲೋಟ ನೀರನ್ನೂ ತೆಗೆದುಕೊಂಡವರಲ್ಲ. (ಮಡಿ ಒಂದು ಕಾರಣ. ಸ್ವಭಾವ ಇನ್ನೊಂದು.)

ನಾನು ಅಲ್ಲೇ ಇದ್ದೆ. ಪರದೆಯ ಪಕ್ಕದಲ್ಲಿ ಉದ್ದನೆಯ ಕೋಲು ಹಿಡಿದು ನಿಂತಿದ್ದೆ. ಏನೂ ಹೇಳಲಿಲ್ಲ. ಆದದ್ದನ್ನು ಆದ ಹಾಗೆ ಇವತ್ತು ಬರೆಯುತ್ತೇನೆ. ಹೆಚ್ಚು ಸೇರಿಸುವುದಿಲ್ಲ, ಕಡಿಮೆಯೂ ಮಾಡುವುದಿಲ್ಲ.

ಈ ಅಂಕಣ ಓದುವವರಿಗೆ ಗೊತ್ತಿರುವ ಹಾಗೆ ನಾನು ಕಣ್ಣಿನ ಡಾಕ್ಟರ್. ಜರ್ಮನಿಗೆ ಬಂದು ಹದಿಮೂರು ವರ್ಷವಾಯಿತು. ಸಿಂಡೆಲ್‌ಫಿಂಗೆನ್‌ನ ಕಾರು ಫ್ಯಾಕ್ಟರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಕೆಲಸಗಾರರೇ ತುಂಬಿರುವ ಒಂದು ಸಣ್ಣ ಊರಿನಲ್ಲಿ ಮನೆ. ಎರಡು ವರ್ಷಕ್ಕೊಮ್ಮೆ ರಜೆಗೆ ಬಂದಾಗ, ಇಬ್ಬರು ಗೆಳೆಯರ ಜೊತೆ ಸೇರಿ, ರಾಯಚೂರಿನ ಕಡೆ ಒಂದು ಶಾಲೆಯಲ್ಲಿ ಹತ್ತು ದಿನ ಕಣ್ಣಿನ ಕ್ಯಾಂಪ್ ನಡೆಸುತ್ತೇನೆ. ಶಾಲೆಯ ಬೆಂಚುಗಳನ್ನು ಜೋಡಿಸಿ, ಅದರ ಮೇಲೆ ಮಲಗಿಸಿ, ಪೊರೆ ತೆಗೆಯುವುದು. ಮುಂದಿನ ಚಳಿಗಾಲಕ್ಕೆ ಹೊಸ ಉಪಕರಣ ಬೇಕು. ದಪ್ಪ ಗಾಜಿನ ಕನ್ನಡಕಗಳು ಬೇಕು. ಈಸ್ಟರ್‌ಗೆ ಮುಂಚಿನ ವಾರಗಳಲ್ಲಿ ಇಲ್ಲಿನ ಚರ್ಚು ಯಾವುದಾದರೂ ಒಳ್ಳೆಯ ಕೆಲಸಕ್ಕೆ ಹಣ ಎತ್ತುತ್ತದೆ. ಈ ಸಲ ನಿಮ್ಮ ಕ್ಯಾಂಪಿಗೆ ಕೊಡೋಣ ಎಂದರು.

ಹಣ ಎತ್ತುವುದು ಹೇಗೆ? ಸ್ಲೈಡ್ ತೋರಿಸಿ.

ಜರ್ಮನರ ಸ್ಲೈಡ್ ಸಂಜೆಯ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಇಲ್ಲಿ ಯಾರಾದರೂ ರಜೆ ಮುಗಿಸಿ ಬಂದರೆ, ನೆರೆಯವರನ್ನು ಕರೆದು, ಕೋಣೆ ಕತ್ತಲು ಮಾಡಿ, ಪ್ರೊಜೆಕ್ಟರ್ ಹಚ್ಚುತ್ತಾರೆ. ಇನ್ನೂರು ಸ್ಲೈಡ್. ಇಟಲಿಯ ಸಮುದ್ರ, ಇಟಲಿಯ ಊಟ, ಹೆಂಡತಿ, ಮತ್ತೆ ಸಮುದ್ರ. ಬಂದವರು ಉಪ್ಪಿನ ಬಿಸ್ಕತ್ತು ತಿನ್ನುತ್ತ ಕಡೆಯವರೆಗೂ ಕೂತಿರುತ್ತಾರೆ, ಯಾಕೆಂದರೆ ಮುಂದಿನ ತಿಂಗಳು ಅವರ ಸರದಿ. ಇದು ಇಲ್ಲಿನ ಬಾಗಿನ ಅನ್ನಿ. ಚರ್ಚಿನ ಹಾಲಿನಲ್ಲಿ ನಡೆಯುವುದೂ ಅದೇ. ಬಾಗಿಲಲ್ಲಿ ಒಂದು ಡಬ್ಬಿ ಇಟ್ಟಿರುತ್ತಾರೆ, ಅಷ್ಟೇ ವ್ಯತ್ಯಾಸ.

ನಾನು ನಲವತ್ತು ಸ್ಲೈಡ್ ತೆಗೆದುಕೊಂಡು ಹೋಗಿದ್ದೆ. ಶಾಲೆ, ಬೆಂಚು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಸಾಲು. ನಮ್ಮ ಮನೆಯಲ್ಲಿ ಸ್ಲೈಡ್ ಜೋಡಿಸುವ ಟ್ರೇ ಇರುವುದು ಎರಡೇ. ಅವಸರದಲ್ಲಿ ತುಂಬಿದೆ. ಟ್ರೇಯ ತುದಿಯಲ್ಲಿ ಹಳೆಯದೊಂದು ಸ್ಲೈಡ್ ಉಳಿದುಕೊಂಡಿದ್ದು ನನ್ನ ಗಮನಕ್ಕೆ ಬರಲಿಲ್ಲ.

ಸ್ಲೈಡುಗಳಿಗೆ ಜನ ತಲೆಯಾಡಿಸಿದರು. ಇಬ್ಬರು ಆಕಳಿಸಿದರು. ನಲವತ್ತು ಮುಗಿಯಿತು. ಪ್ರೊಜೆಕ್ಟರ್ ಹತ್ತಿರ ಕುಳಿತಿದ್ದ ಪಾದ್ರಿಗಳು ಇನ್ನೂ ಒಂದಿದೆ ಎಂದು ಗುಂಡಿ ಒತ್ತಿದರು.

ಪರದೆಯ ಮೇಲೆ ತುಂಗಾ ಅತ್ಯಾ ಬಂದರು.

ಚಿತ್ರದಲ್ಲಿ ಇರುವುದಿಷ್ಟು. ಹಿಂದೆ ಒಣ ಗುಡ್ಡ. ಎಡಗಡೆ ಒಂದು ಬಸ್ಸಿನ ನೆರಳು, ಬಸ್ಸು ಕಾಣುವುದಿಲ್ಲ. ನೆಲದ ಮೇಲೆ ಕುಳಿತ ಮುದುಕಿ. ಬಣ್ಣ ಹೋದ ಕೆಂಪು ಸೀರೆ, ಅದರ ಸೆರಗು ಬೋಳು ತಲೆಯ ಮೇಲೆ. ಕೊರಳ ಎಲುಬುಗಳು ಎದ್ದು ಕಾಣುತ್ತವೆ. ಬರಿಗಾಲು, ಒಡೆದ ಹಿಮ್ಮಡಿ, ಅದರ ತುಂಬ ಧೂಳು. ಎರಡೂ ಕೈ ಚಾಚಿ ಒಂದು ಹಿತ್ತಾಳೆಯ ಬೋಗುಣಿಯನ್ನು ಕ್ಯಾಮೆರಾದ ಕಡೆ ಹಿಡಿದಿದ್ದಾರೆ. ಬೋಗುಣಿ ಖಾಲಿ. ತಳ ಹೊಳೆಯುತ್ತಿದೆ. ಬಾಯಿ ಸ್ವಲ್ಪ ತೆರೆದಿದೆ.

"ಇದು..." ಎಂದೆ ನಾನು. ಅಷ್ಟರಲ್ಲಿ ಎರಡನೇ ಸಾಲಿನಿಂದ ಒಬ್ಬ ಹೆಂಗಸು "ಅಯ್ಯೋ ದೇವರೇ" ಎಂದರು. ಮೆಲ್ಲಗೆ, ತಮಗೆ ತಾವೇ ಹೇಳಿಕೊಂಡ ಹಾಗೆ. ಆಕಳಿಸುತ್ತಿದ್ದವರು ನೆಟ್ಟಗೆ ಕುಳಿತರು.

ನಾನು ಬಾಯಿ ಮುಚ್ಚಿದೆ. ಎಂಟು ಸೆಕೆಂಡ್ ಇರಬಹುದು. ಆಮೇಲೆ ಪಾದ್ರಿಗಳು ದೀಪ ಹಾಕಿದರು.

ಬಾಗಿಲಲ್ಲಿದ್ದ ಡಬ್ಬಿ ತುಂಬಿತು. ಇನ್ನೊಂದು ತಂದರು. ಎರಡನೇ ಸಾಲಿನ ಹೆಂಗಸು ನನ್ನ ಹತ್ತಿರ ಬಂದು ಎರಡೂ ಕೈಯಲ್ಲಿ ನನ್ನ ಕೈ ಹಿಡಿದರು. ಎಪ್ಪತ್ತರ ವಯಸ್ಸು. "ಯುದ್ಧ ಮುಗಿದ ಮರುವರ್ಷ ನಾನೂ ಹೀಗೇ ಪಾತ್ರೆ ಹಿಡಿದು ನಿಂತಿದ್ದೆ, ಡಾಕ್ಟರ್. ಹಳ್ಳಿ ಹಳ್ಳಿಗೆ ನಡೆದು ಆಲೂಗಡ್ಡೆ ಕೇಳಿದ್ದೆ. ಆ ಮುಖ ನನಗೆ ಗೊತ್ತು," ಎಂದರು. ಚೀಲದಿಂದ ಒಂದು ಜೊತೆ ಉಣ್ಣೆಯ ಕಾಲುಚೀಲ ತೆಗೆದರು. ಕಾರ್ಯಕ್ರಮ ನಡೆಯುತ್ತಿದ್ದಾಗ ಹೆಣೆದು ಮುಗಿಸಿದ್ದರು. "ಮೊಮ್ಮಗನಿಗೆ ಅಂತ ಹಾಕಿದ್ದೆ. ಆಕೆಗೆ ಕೊಡಿ. ಆ ಕಾಲು ನೋಡಲಾಗಲಿಲ್ಲ."

ನಾನು ತೆಗೆದುಕೊಂಡೆ. ಬೇರೇನು ಮಾಡಬಹುದಿತ್ತು? (ಮಾಡಬಹುದಿತ್ತು. ಅದು ನನಗೂ ಗೊತ್ತು.)

ಮನೆಗೆ ಬಂದಾಗ ನನ್ನ ಹೆಂಡತಿ ಸುಮಿತ್ರಾ ಕಾಲುಚೀಲ ನೋಡಿದಳು. ಅವಳು ಮೈಸೂರಿನವಳು, ನಾನು ಧಾರವಾಡದವನು. ಮನೆಯಲ್ಲಿ ಎರಡು ಕನ್ನಡ, ಒಂದು ಜರ್ಮನ್.

"ಯಾರಿಗ್ರೀ ಇದು?"

"ತುಂಗಾ ಅತ್ಯಾಗ."

ನನ್ನ ಜೊತೆ ಚರ್ಚಿಗೆ ಬಂದಿದ್ದ ಮಗಳು ಮೀರಾ ಕೋಟು ಬಿಚ್ಚುತ್ತ ಅಮ್ಮನಿಗೆ ಎಲ್ಲ ಹೇಳಿದಳು, ಜರ್ಮನ್‌ನಲ್ಲಿ. ಅವಳಿಗೆ ಹತ್ತು ವರ್ಷ. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವಳು ಜರ್ಮನ್‌ನಲ್ಲಿ ಉತ್ತರಿಸುತ್ತಾಳೆ. ಹೇಳಿ ಮುಗಿಸಿ ನನ್ನ ಕಡೆ ತಿರುಗಿದಳು. "ಅಪ್ಪಾ, ಅವರು ಬಡವರಾಗಿದ್ದರಾ?"

"ಇಲ್ಲ."

"ಹಾಗಾದರೆ ಯಾಕೆ ಹೇಳಲಿಲ್ಲ?"

ಹತ್ತು ವರ್ಷದವರ ಪ್ರಶ್ನೆಗಳಿಗೆ ಇದೇ ತೊಂದರೆ. ಅವುಗಳಲ್ಲಿ ಬೇರೆ ಅರ್ಥ ಹುಡುಕಲು ಜಾಗವಿರುವುದಿಲ್ಲ.

ಈಗ ಅತ್ಯಾ ಯಾರೆಂದು ಹೇಳಬೇಕು. ನಮ್ಮ ತಂದೆಯ ಅಕ್ಕ. ಸೋದರತ್ತೆಯನ್ನು ಧಾರವಾಡದ ನಮ್ಮಂಥ ಮನೆಗಳಲ್ಲಿ ಅತ್ಯಾ ಎಂದೇ ಕರೆಯುವುದು. ಹನ್ನೊಂದನೇ ವಯಸ್ಸಿಗೆ ಗಂಡ ಹೋದ. ತಲೆ ಬೋಳಿಸಿದರು, ಕೆಂಪು ಸೀರೆ ಉಡಿಸಿದರು, ಮನೆಯ ಹಿಂದಿನ ಕೋಣೆ ಕೊಟ್ಟರು. ಅವರು ಆ ಕೋಣೆಯಲ್ಲಿ ಇದ್ದದ್ದು ಕಡಿಮೆ. ಮಡಿ ಬಿಡಲಿಲ್ಲ, ಮನೆ ಬಿಟ್ಟರು. ಎರಡು ಸಲ ಬದರಿಗೆ ನಡೆದು ಹೋಗಿ ಬಂದರು. ಕಾಶಿ, ರಾಮೇಶ್ವರ ಎಷ್ಟು ಸಲವೆಂದು ಮನೆಯಲ್ಲಿ ಯಾರೂ ಲೆಕ್ಕ ಇಡಲಿಲ್ಲ. ಕೇಳಿದರೆ, "ಹೋಗಬ್ಯಾಡ ಅನ್ಲಿಕ್ಕೆ ಯಾರದ್ದಾರ ನನಗ?" ಎನ್ನುತ್ತಿದ್ದರು. ದುಃಖದಿಂದ ಅಲ್ಲ. ಅನುಕೂಲವನ್ನು ವಿವರಿಸುವ ಧಾಟಿಯಲ್ಲಿ.

ಅರವತ್ತೇಳನೇ ವಯಸ್ಸಿಗೆ, ಅಳಿಯನ ಮನೆ ನೋಡಬೇಕು ಎಂದರು. ಅಳಿಯ ಎಂದರೆ ನಾನು. ಅದು ೧೯೬೪ರ ಬೇಸಿಗೆಗೆ ಮುಂಚೆ. ಆ ಸಲ ನಾನು ಊರಲ್ಲಿದ್ದೆ. ವಿಮಾನದ ಟಿಕೆಟ್ ಕಳಿಸುತ್ತೇನೆ ಎಂದೆ.

"ಸಮುದ್ರ ದಾಟಬಾರದು ಅಂತದ ಶಾಸ್ತ್ರದಾಗ."

"ವಿಮಾನ ಸಮುದ್ರ ಮುಟ್ಟೂದಿಲ್ಲಲ್ಲ ಅತ್ಯಾ?"

"ದಾಟೂದು ದಾಟೂದನ. ಮುಟ್ಟಿದ್ರೇನು, ಬಿಟ್ರೇನು?"

"ಹಂಗಾರ ಬರೂದು ಹ್ಯಾಂಗ?"

"ನೆಲಾ ದಾಟಬಾರದು ಅಂತ ಎಲ್ಲಿ ಬರದಾರ ತೋರ್ಸು."

ದೆಹಲಿಯಿಂದ ಲಂಡನ್‌ಗೆ ನೆಲದ ಮೇಲೆ ಹೋಗುವ ಬಸ್ಸು ಇದೆಯೆಂದು ಅವರಿಗೆ ಕಾಶಿಯಲ್ಲಿ ಯಾರೋ ಹೇಳಿದ್ದರಂತೆ. ಪಾಕಿಸ್ತಾನ, ಅಫಘಾನಿಸ್ತಾನ, ಇರಾನ್, ಟರ್ಕಿ, ಆಮೇಲೆ ಯುರೋಪು. ಹೆಚ್ಚುಕಡಿಮೆ ಎರಡು ತಿಂಗಳ ದಾರಿ. ನಮ್ಮ ತಂದೆ ಬೈದರು, ಮಠದವರು ಬೇಡವೆಂದರು, ಪಾಸ್‌ಪೋರ್ಟ್ ಆಫೀಸಿನವರು ಅನುಮಾನಪಟ್ಟರು. ಅತ್ಯಾ ಎರಡು ಡಬ್ಬಿ ಅವಲಕ್ಕಿ, ಒಂದು ಡಬ್ಬಿ ಹುರಿಹಿಟ್ಟು, ಚಟ್ನಿಪುಡಿ, ಸೀಮೆಎಣ್ಣೆ ಸ್ಟೋವು, ಒಂದು ಬೋಗುಣಿ ಮತ್ತು ಆ ವರ್ಷದ ಪಂಚಾಂಗ ತೆಗೆದುಕೊಂಡು ಬಸ್ಸು ಹತ್ತಿದರು. ಜೊತೆಗೆ ಹದಿನೇಳು ಜನ, ಎಲ್ಲ ಬಿಳಿಯರು, ಎಲ್ಲ ಮೂವತ್ತರ ಒಳಗಿನವರು. ಅತ್ಯಾ ಅವರೆಲ್ಲರ ಜೊತೆ ಕನ್ನಡದಲ್ಲೇ ಮಾತಾಡಿದರು. ಎಲ್ಲರಿಗೂ ತಿಳಿಯಿತಂತೆ.

ಇಸ್ತಾಂಬುಲ್‌ನಲ್ಲಿ ಮಾತ್ರ ಶಾಸ್ತ್ರಕ್ಕೆ ಕಷ್ಟ ಬಂತು. ಅಲ್ಲಿ ಏಷ್ಯಾ ಮತ್ತು ಯುರೋಪಿನ ನಡುವೆ ನೀರು ಇದೆ, ಸೇತುವೆ ಇಲ್ಲ. (ಈಗ ಕಟ್ಟುತ್ತಿದ್ದಾರೆ ಎಂದು ಪೇಪರಿನಲ್ಲಿ ಬಂದಿದೆ. ಅತ್ಯಾ ಅವಸರ ಮಾಡಿದರು.) ಬಸ್ಸನ್ನು ಹಡಗಿನ ಮೇಲೆ ಹತ್ತಿಸಿ ಆಚೆ ದಾಟಿಸುತ್ತಾರೆ. ಅವರೇ ನನಗೆ ಹೇಳಿದ್ದು: "ಇದು ಹೊಳಿಯೋ ಸಮುದ್ರೋ ಅಂತ ಡ್ರೈವರನ್ನ ಕೇಳಿದೆ. ಅಂವಾ ಆಚೀ ದಂಡಿ ತೋರಿಸಿ ನಕ್ಕ. ದಂಡಿ ಕಾಣಸ್ತದ ಅಂದಮ್ಯಾಲೆ ಹೊಳೀನ. ಮುಗೀತು."

ಮ್ಯೂನಿಕ್‌ನಲ್ಲಿ ಬಸ್ಸು ನಿಂತಿತು. ನಾನು ಕರೆದುಕೊಂಡು ಬರಲು ಹೋಗಿದ್ದೆ. ಏಳೆಂಟು ದೇಶ ದಾಟಿ ಬಂದ ಮುದುಕಿ ಮೆಟ್ಟಿಲಿಳಿದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾಕೋ ಗುಂಡ್ಯಾ, ಇಷ್ಟ ಸೊರಗೀಯಲ್ಲೋ. ಊಟಾಗೀಟಾ ಮಾಡ್ತೀಯೋ ಇಲ್ಲೋ?"

ಇಲ್ಲಿ ಇನ್ನೊಂದು ವಿಷಯ ಬರೆಯಬೇಕು. ಬಿಟ್ಟರೆ ಉಳಿದದ್ದಕ್ಕೆ ಅರ್ಥವಿರುವುದಿಲ್ಲ. ಅತ್ಯಾ ಬಸ್ಸಿನಿಂದ ಇಳಿದ ಕ್ಷಣದಲ್ಲಿ ನಾನು ಮೊದಲು ನೋಡಿದ್ದು ಅವರನ್ನಲ್ಲ. ಸುತ್ತ ಯಾರಿದ್ದಾರೆ ಎಂದು ನೋಡಿದೆ. ಆಸ್ಪತ್ರೆಯ ಪರಿಚಯದವರು ಯಾರಾದರೂ ಇದ್ದಾರೆಯೇ? ಬೋಳು ತಲೆ, ಬರಿಗಾಲು, ಕಂಕುಳಲ್ಲಿ ಸ್ಟೋವು. ಯಾರೂ ಇರಲಿಲ್ಲ. ಆಮೇಲೆ ಬಾಗಿ ನಮಸ್ಕಾರ ಮಾಡಿದೆ. ಅಷ್ಟೊತ್ತಿಗೆ ಎರಡು ಸೆಕೆಂಡ್ ಕಳೆದಿತ್ತು. ಅತ್ಯಾಗೆ ಕಂಡಿತೋ ಇಲ್ಲವೋ ಗೊತ್ತಿಲ್ಲ. ಅವರ ಕಣ್ಣು ಚೆನ್ನಾಗಿತ್ತು. ಅದನ್ನು ನಾನೇ ಪರೀಕ್ಷೆ ಮಾಡಿದ್ದೆ.

ಮೂರು ತಿಂಗಳು ಇದ್ದರು. ಒಂದು ದಿನ ಬೆಳಿಗ್ಗೆ ಕಾಣೆಯಾದರು. ನಮ್ಮಿಂದ ಎರಡು ಗಂಟೆಯ ರೈಲು ದಾರಿಯಲ್ಲಿ ಡಾನ್ಯೂಬ್ ನದಿ ಹುಟ್ಟುತ್ತದೆ, ಅಲ್ಲಿಂದ ಅದೆಷ್ಟೋ ದೇಶ ದಾಟಿ ಹೋಗುತ್ತದೆ ಎಂದು ಹಿಂದಿನ ದಿನ ಊಟದ ಹೊತ್ತಿನಲ್ಲಿ ನಾನೇ ಹೇಳಿದ್ದೆ. ಮಧ್ಯಾಹ್ನ ಪೊಲೀಸರ ಫೋನು ಬಂತು. ಕಾರು ತೆಗೆದುಕೊಂಡು ಹೋದೆ. ಸ್ಟೇಷನ್ನಿನಲ್ಲಿ ಅತ್ಯಾ ಪೊಲೀಸನ ಕೋಟು ಹೊದ್ದು ಕುಳಿತಿದ್ದರು. ಪಕ್ಕದಲ್ಲಿ ಪೊಲೀಸ್, ಅವನ ಪ್ಯಾಂಟು ಮಂಡಿಯವರೆಗೆ ಒದ್ದೆ.

"ಮುದುಕಿ ನೀರಿಗೆ ಹಾರಿಕೊಳ್ಳಲು ಬಂದಿದ್ದಾಳೆ ಎಂದುಕೊಂಡೆ," ಎಂದ ಅವನು. "ಎಳೆದು ದಡಕ್ಕೆ ತಂದೆ. ತಕ್ಷಣ ಮತ್ತೆ ಹೋಗಿ ಮುಳುಗಿದರು. ಮತ್ತೆ ಎಳೆದೆ. ಮತ್ತೆ ಹೋದರು."

ಅತ್ಯಾ ಹೇಳಿದ್ದು: "ಚೊಲೋ ಹುಡುಗ. ಆದ್ರ ತಿಳೀಲಾರದಂವಾ. ಅಂವಾ ಮುಟ್ಟಿದಾಗೊಮ್ಮೆ ಮೈಲಿಗಿ ಆಗತದ, ನಾ ಮತ್ತ ಮುಳಗಬೇಕಾಗತದ. ಅಂವಾ ಬಿಟ್ಟಿದ್ರ ಒಂದ ಸಲಕ್ಕ ಮುಗೀತಿತ್ತು."

ಇಂಥವರು ಆ ಪರದೆಯ ಮೇಲೆ ಇದ್ದವರು.

ಇನ್ನು ಆ ಚಿತ್ರ. ತೆಗೆದವನು ಅದೇ ಬಸ್ಸಿನಲ್ಲಿ ಬಂದ ಡೀಟರ್ ಎಂಬ ಜರ್ಮನ್ ವಿದ್ಯಾರ್ಥಿ. ಆಮೇಲೆ ಸ್ಲೈಡನ್ನೂ ಒಂದು ಪತ್ರವನ್ನೂ ನನಗೆ ಕಳಿಸಿದ್ದ. ಇರಾನಿನಲ್ಲಿ ಒಂದು ಕಡೆ ಬಸ್ಸಿನ ಆಕ್ಸಲ್ ಮುರಿಯಿತು. ಬೇರೆ ಭಾಗ ತರಲು ಡ್ರೈವರ್ ಲಾರಿ ಹತ್ತಿ ಹೋದ. ಎರಡು ದಿನ ಬರಲಿಲ್ಲ. ಯಾರ ಹತ್ತಿರವೂ ಊಟವಿರಲಿಲ್ಲ. ಅತ್ಯಾ ಸ್ಟೋವು ಹಚ್ಚಿದರು. ಎಲ್ಲರಿಗೂ ಅವಲಕ್ಕಿ ಕಲಸಿ, ಮುಟ್ಟದೆ, ಮೇಲಿಂದಲೇ ಬಡಿಸಿದರು. ಮೊದಲ ದಿನ ಎರಡು ಹೊತ್ತು. ಎರಡನೇ ದಿನ ಒಂದು ಹೊತ್ತು. ಅತ್ಯಾ ಅದನ್ನು ಹೇಳುತ್ತಿದ್ದದ್ದು ಹೀಗೆ: "ಆ ಉದ್ದನ್ನ ಹುಡುಗ ನಾಕ ಸಲಾ ಹಾಕ್ಸಿಕೊಂಡ. ಐದನೇ ಸಲಾ ಬಂದು ನಿಂತ. ಬೋಗುಣಿ ತೋರಿಸಿದೆ. ನೋಡಪಾ, ತಳಾ ಕಾಣ್ಲಿಕತ್ತದ. ಇನ್ನ ನನ್ನನ್ನ ತಿನ್ನು, ಅಂದೆ. ಅಂವಾ ಚಿತ್ರಾ ತಗದ."

ಅತ್ಯಾ ಏನು ತಿಂದರು ಎಂದು ನಾನು ಆಗಲೇ ಕೇಳಿದ್ದೆ. "ಅವತ್ತ ಏಕಾದಶಿ ಬಂದಿತ್ತು. ನನಗೇನ ಬೇಕಾಗಿರಲಿಲ್ಲ," ಎಂದಿದ್ದರು.

ಅಂದರೆ, ಎಂಬತ್ತು ಜನ ಬೇಡುವ ಕೈ ಎಂದು ನೋಡಿದ್ದು ಬಡಿಸಿ ಮುಗಿಸಿದ ಕೈ. ನನಗೆ ಇದು ಗೊತ್ತಿತ್ತು. ಆ ಎಂಟು ಸೆಕೆಂಡಿನಲ್ಲೂ ಗೊತ್ತಿತ್ತು. ಕ್ಯಾಂಪಿಗೆ ದುಡ್ಡು ಬೇಕು ಎಂದು ಸುಮ್ಮನಾದೆನೇ? ಅಥವಾ ಮ್ಯೂನಿಕ್‌ನಲ್ಲಿ ಸುತ್ತ ನೋಡಿದವನೇ ಇಲ್ಲೂ ಸುಮ್ಮನಾದನೇ? ಈ ಬೋಳು ತಲೆಯ ಮುದುಕಿ ನಮ್ಮ ಮನೆಯವರು ಎಂದು ಹೇಳಲು ಮನಸ್ಸು ಹಿಂಜರಿಯಿತೇ? ಎರಡೂ ಇರಬಹುದು. ಯಾವುದು ಎಷ್ಟು ಎಂದು ನನಗೇ ಬಿಡಿಸಿ ಹೇಳಲಾಗುವುದಿಲ್ಲ.

ಇದು ಇಲ್ಲಿಗೆ ಮುಗಿದಿದ್ದರೆ ನಾನು ಈ ಅಂಕಣ ಬರೆಯುತ್ತಿದ್ದೆನೋ ಇಲ್ಲವೋ.

ಸೋಮವಾರ ಫ್ರಾವ್ ಬ್ರೆಂಡ್ಲೆ ಫೋನ್ ಮಾಡಿದರು. ಫ್ರಾವ್ ಎಂದರೆ ಇಲ್ಲಿ ಶ್ರೀಮತಿ; ಇವರು ಚರ್ಚಿನ ಹಣ ಸಂಗ್ರಹವನ್ನೆಲ್ಲ ನೋಡಿಕೊಳ್ಳುವ ಹೆಂಗಸು. ನೇರ ಮಾತು, ಗಟ್ಟಿ ದನಿ, ಒಂದು ಕೆಲಸ ಹಿಡಿದರೆ ಬಿಡುವವರಲ್ಲ. ಸಂಗ್ರಹವನ್ನು ಸುತ್ತಲಿನ ಊರುಗಳಿಗೂ ವಿಸ್ತರಿಸುತ್ತಾರಂತೆ. ಪೋಸ್ಟರ್ ಹಾಕಿಸುತ್ತಾರಂತೆ. ಕೊನೆಯ ಸ್ಲೈಡು ಬೇಕು.

"ಇದು ಕಣ್ಣಿನ ಕ್ಯಾಂಪು, ಫ್ರಾವ್ ಬ್ರೆಂಡ್ಲೆ," ಎಂದೆ.

"ಗೊತ್ತು, ಡಾಕ್ಟರ್. ಆದರೆ ಕಣ್ಣಿನ ಪೊರೆ ರಸ್ತೆಯ ಆಚೆಯಿಂದ ಕಾಣುವುದಿಲ್ಲ. ಹಸಿವು ಕಾಣುತ್ತದೆ. ಚಿತ್ರ ದೊಡ್ಡದಾಗಿ, ಕೆಳಗೆ ‘ಈಕೆಗೆ ನೆರವಾಗಿ’ ಎಂದು ಎರಡೇ ಮಾತು. ಗುರುವಾರ ಸಂಜೆಯೊಳಗೆ ಪ್ರೆಸ್ಸಿಗೆ ಕೊಡಬೇಕು. ಮಧ್ಯಾಹ್ನ ಮೂರಕ್ಕೆ ಬನ್ನಿ."

ಸರಿ ಎಂದೆ. ಫೋನ್ ಇಟ್ಟೆ. ಆ ಗಟ್ಟಿ ದನಿ ಅಡುಗೆಮನೆಯಲ್ಲಿದ್ದ ಸುಮಿತ್ರಾಗೂ ಕೇಳಿಸಿತ್ತು.

"ಬೇಕರಿ ಮುಂದೆ ನಿಲ್ಸ್ತಾರಾ ಅವರನ್ನ? ಪಾತ್ರೆ ಹಿಡ್ಕೊಂಡು?"

"ಕ್ಯಾಂಪಿಗೆ ಹಣ ಬರ್ತದ, ಸುಮಿತ್ರಾ. ಎಷ್ಟು ಜನರ ಕಣ್ಣು ಬರ್ತಾವ ವಿಚಾರ ಮಾಡು."

"ಮಾಡ್ದೆ," ಎಂದಳು. "ಅತ್ಯಾನ ಕೇಳಿದ್ರೆ ಅವರೇ ಹೂಂ ಅಂತಿದ್ರೋ ಏನೋ. ಕೇಳಕ್ಕೆ ಅವರಿಲ್ಲ. ನೀವಿದೀರಿ. ಅದಕ್ಕೇ ಹೇಳ್ತಿರೋದು."

ಮೂರು ದಿನ ನನ್ನೊಳಗೆ ಲೆಕ್ಕ ನಡೆಯಿತು. ಒಂದು ಕಡೆ ಕಣ್ಣು ಕಾಣದವರು. ಇನ್ನೊಂದು ಕಡೆ ತೀರಿಹೋದ ಒಬ್ಬ ಮುದುಕಿಯ ಮರ್ಯಾದೆ. ಡಾಕ್ಟರ್ ಆದವನಿಗೆ ಇದರಲ್ಲಿ ಯಾವುದು ದೊಡ್ಡದು? ಹೇಳಲು ಸುಲಭ ಅನ್ನಿಸುತ್ತದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ, ಇದೇನು ದೊಡ್ಡ ವಿಷಯ, ಇದೂ ಒಂದು ಚಿತ್ರ ಎಂದುಕೊಳ್ಳುತ್ತಿದ್ದೆ. ಮನೆಗೆ ಬಂದಾಗ ಮತ್ತೆ ಬೇರೆ ಅನ್ನಿಸುತ್ತಿತ್ತು.

ಬುಧವಾರ ಊಟವಾದ ಮೇಲೆ, ಮರುದಿನ ಚರ್ಚಿನವರ ಮುಂದೆ ಏನಾದರೂ ಹೇಳುವುದಿದ್ದರೆ ತಪ್ಪಿಲ್ಲದೆ ಹೇಳಬೇಕೆಂದು, ಡೀಟರ್‌ನ ಪತ್ರ ಹುಡುಕಿದೆ. ಸ್ಲೈಡಿನ ಚೌಕಟ್ಟಿನ ಮೇಲೆ ಅವನು ತಾರೀಕು ಬರೆದಿದ್ದ. ಅತ್ಯಾ ವಾಪಸ್ ಹೋಗುವಾಗ ಹಳೆಯ ಪಂಚಾಂಗವನ್ನು ನಮ್ಮ ದೇವರ ಗೂಡಿನಲ್ಲೇ ಬಿಟ್ಟು ಹೋಗಿದ್ದರು. ಸುಮಿತ್ರಾ ಅದನ್ನು ತೆಗೆದುಕೊಟ್ಟಳು. ಪ್ರತಿ ದಿನದ ಮುಂದೆ ಪೆನ್ಸಿಲಿನಲ್ಲಿ ಅತ್ಯಾ ಎರಡು ಮೂರು ಮಾತು ಬರೆದಿದ್ದರು. ಏಕಾದಶಿ ಬಂದಲ್ಲೆಲ್ಲ ಒಂದು ಸುತ್ತು.

ತಾರೀಕು ಹುಡುಕಿದೆ. "ಬಸ್ಸು ನಿಂತದ. ಎಲ್ಲಾರೂ ಉಂಡರು," ಎಂದಿತ್ತು.

ಸುತ್ತು ಇರಲಿಲ್ಲ. ತಿಥಿ ನೋಡಿದೆ. ನವಮಿ.

ಎರಡು ಸಲ ನೋಡಿದೆ. ಡೀಟರ್ ತಾರೀಕು ತಪ್ಪು ಬರೆದಿರಬಹುದೇ? ಪತ್ರದಲ್ಲೂ ಅದೇ ತಾರೀಕು, ವಾರ ಸಮೇತ. ಪತ್ರದಲ್ಲಿ ನಾನು ಎಂಟು ವರ್ಷದ ಹಿಂದೆ ಓದಿ ಮರೆತ ಒಂದು ಸಾಲು ಇತ್ತು. "ನೀವು ತಿನ್ನುವುದಿಲ್ಲವೇ ಎಂದು ಸನ್ನೆಯಲ್ಲಿ ಕೇಳಿದೆವು. ನಿಮ್ಮ ಅತ್ತೆ ಆಕಾಶದ ಕಡೆ ಬೆರಳು ತೋರಿಸಿ, ಬಾಯಿಯ ಮೇಲೆ ಕೈ ಇಟ್ಟರು. ಅವತ್ತು ತಿನ್ನಬಾರದೆಂದು ಅವರ ದೇವರ ಆಜ್ಞೆ ಇರಬೇಕೆಂದು ನಾವು ತಿಳಿದೆವು."

ಎರಡು ದಿನ ಬಿಟ್ಟು ನಿಜವಾದ ಏಕಾದಶಿ. ಅಲ್ಲಿ ಸುತ್ತು ಇತ್ತು. ಅವತ್ತೂ ಉಪವಾಸ ಮಾಡಿದ್ದಾರೆ.

ನವಮಿಯ ದಿನ ಅವಲಕ್ಕಿ ಹದಿನೇಳು ಜನಕ್ಕೆ ಸಾಕಾಗುತ್ತಿತ್ತು. ಹದಿನೆಂಟಕ್ಕೆ ಸಾಕಾಗುತ್ತಿರಲಿಲ್ಲ. ಒಂದು ದಿನವೂ ಮಡಿ ತಪ್ಪದ ಹೆಂಗಸು ಏಕಾದಶಿಯ ಹೆಸರಿನಲ್ಲಿ ಒಂದು ಸುಳ್ಳು ಹೇಳಿದರು. ಹುಡುಗರಿಗೂ ಹೇಳಿದರು, ಆಮೇಲೆ ನನಗೂ ಹೇಳಿದರು. ಪಂಚಾಂಗಕ್ಕೆ ಮಾತ್ರ ಹೇಳಲಿಲ್ಲ.

ಅಂದರೆ ಎರಡನೇ ಸಾಲಿನ ಆ ಹೆಂಗಸು ತಪ್ಪು ನೋಡಿರಲಿಲ್ಲ. ಆ ಮುಖ ಹಸಿದ ಮುಖವೇ. ಎಂಟು ವರ್ಷ ಅದನ್ನು ಮನೆಯಲ್ಲಿಟ್ಟುಕೊಂಡ ಕಣ್ಣಿನ ಡಾಕ್ಟರಿಗೆ ಅದು ಕಂಡಿರಲಿಲ್ಲ.

ಗುರುವಾರ ಮೂರಕ್ಕೆ ಹೋದೆ. ಚರ್ಚಿನ ಪಕ್ಕದ ಕೋಣೆ. ಫ್ರಾವ್ ಬ್ರೆಂಡ್ಲೆ, ಪಾದ್ರಿಗಳು, ನಾನು. ಮೇಜಿನ ಮೇಲೆ ಕಾಫಿ, ಸೇಬಿನ ಕೇಕು. ಸ್ಲೈಡ್ ಟ್ರೇಯನ್ನು ಮುಂದಿಟ್ಟು, "ಇದನ್ನು ಕೊಡಲಾಗುವುದಿಲ್ಲ. ಇವರು ನನ್ನ ಅತ್ತೆ," ಎಂದೆ.

ಇಬ್ಬರೂ ನನ್ನನ್ನೇ ನೋಡಿದರು. ನಾನು ಎಲ್ಲವನ್ನೂ ಹೇಳಿದೆ. ಶಾಸ್ತ್ರ, ಬಸ್ಸು, ಇಸ್ತಾಂಬುಲ್, ಡಾನ್ಯೂಬ್. ಪೊಲೀಸನ ಕಥೆಗೆ ಫ್ರಾವ್ ಬ್ರೆಂಡ್ಲೆ ಕಪ್ಪು ಕೆಳಗಿಟ್ಟು ನಕ್ಕರು. ಕಣ್ಣೊರೆಸಿಕೊಂಡರು. ಆಮೇಲೆ ಬೋಗುಣಿಯ ವಿಷಯ ಹೇಳಿದೆ. ನವಮಿಯ ವಿಷಯವನ್ನೂ ಹೇಳಿದೆ. ಅದನ್ನು ಮುಚ್ಚಿಡಬಹುದಿತ್ತು. ಈ ಸಲ ಮುಚ್ಚಿಡಲಿಲ್ಲ.

"ಅಂದರೆ ಅವರು ನಿಜವಾಗಿ ಹಸಿದಿದ್ದರು," ಎಂದರು ಪಾದ್ರಿಗಳು. ನಿಧಾನದ ಮನುಷ್ಯ, ಒಳ್ಳೆಯವರು. "ಹಾಗಿದ್ದರೆ ಚಿತ್ರ ಸುಳ್ಳಲ್ಲವಲ್ಲ?"

"ಹಸಿದಿದ್ದರು. ಬೇಡುತ್ತಿರಲಿಲ್ಲ. ಕೆಳಗೆ ‘ಈಕೆಗೆ ನೆರವಾಗಿ’ ಎಂದು ಬರೆದರೆ ಸುಳ್ಳಾಗುತ್ತದೆ. ಅವತ್ತು ಅಲ್ಲಿ ನೆರವಾದವರು ಅವರೊಬ್ಬರೇ."

ಫ್ರಾವ್ ಬ್ರೆಂಡ್ಲೆ ತಮ್ಮ ನೋಟ್‌ಬುಕ್ಕಿನಲ್ಲಿ ಒಂದು ಸಾಲಿನ ಮೇಲೆ ಗೆರೆ ಎಳೆದರು.

"ಅವರನ್ನು ನೋಡಬೇಕಿತ್ತು ಅನ್ನಿಸುತ್ತದೆ," ಎಂದರು. "ನನ್ನ ಅತ್ತೆಯಾಗಿದ್ದರೆ ನಾನೂ ಕೊಡುತ್ತಿರಲಿಲ್ಲ. ಸರಿ, ಇದು ಬೇಡ."

ನನ್ನ ಎದೆ ಹಗುರವಾಯಿತು. ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಏನೋ ಒಂದನ್ನು ಕಾಪಾಡಿದ ಹಾಗೆ ಅನ್ನಿಸಿತು. ಕೇಕಿನ ತುಂಡೊಂದನ್ನು ತೆಗೆದುಕೊಂಡೆ.

ಫ್ರಾವ್ ಬ್ರೆಂಡ್ಲೆ ಗಡಿಯಾರ ನೋಡಿದರು. "ಪ್ರೆಸ್ಸು ಆರಕ್ಕೆ ಮುಚ್ಚುತ್ತದೆ. ಬೇರೆ ಯಾವುದಾದರೂ ಇದೆಯೇ, ಡಾಕ್ಟರ್? ನಿಜವಾಗಿ ಬೇಡುವವರದ್ದು?"

ನಾನು ಟ್ರೇಯಲ್ಲಿ ಹುಡುಕಿದೆ. ಹುಡುಕುವುದು ಕಷ್ಟವಾಗಲಿಲ್ಲ. ಹದಿನಾರನೆಯದೋ ಹದಿನೇಳನೆಯದೋ ಇರಬೇಕು. ಹಿಂದಿನ ಕ್ಯಾಂಪಿನಲ್ಲಿ ನಾನೇ ತೆಗೆದದ್ದು. ಶಾಲೆಯ ಗೋಡೆಗೆ ಒರಗಿ ಕುಳಿತ ಹೆಂಗಸು. ಅರವತ್ತು ಇರಬಹುದು. ಬಿಸಿಲಿಗೆ ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದಿದ್ದಾಳೆ. ಎರಡೂ ಕಣ್ಣು ಬೆಳ್ಳಗೆ. ಸೆರಗಿಗೆ ಪಿನ್ನು ಹಾಕಿ ಸಿಕ್ಕಿಸಿದ ಚೀಟಿಯಲ್ಲಿ ನಾವು ಕೊಟ್ಟ ನಂಬರು. ಕಾಲ ಹತ್ತಿರ ಒಂದು ಅಲ್ಯೂಮಿನಿಯಂ ತಟ್ಟೆ, ಖಾಲಿ.

ಪಾದ್ರಿಗಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಫ್ರಾವ್ ಬ್ರೆಂಡ್ಲೆಗೆ ದಾಟಿಸಿದರು.

"ಇದು ಇನ್ನೂ ಒಳ್ಳೆಯದು," ಎಂದರು ಅವರು. "ಕಣ್ಣೂ ಕಾಣುತ್ತದೆ."

ಸ್ಲೈಡ್ ಕೊಟ್ಟು ಮನೆಗೆ ಬಂದೆ. ಪೋಸ್ಟರ್ ಚೆನ್ನಾಗಿ ಬಂದಿದೆ. ಬೇಕರಿಯ ಮುಂದೆ ಇದೆ, ಬ್ಯಾಂಕಿನ ಗಾಜಿನ ಮೇಲೆ ಇದೆ, ಬಸ್ ಸ್ಟಾಪಿನಲ್ಲಿ ಇದೆ. ಸಂಗ್ರಹ ಚೆನ್ನಾಗಿ ನಡೆಯುತ್ತಿದೆ. ಮುಂದಿನ ಚಳಿಗಾಲಕ್ಕೆ ನಮಗೆ ಬೇಕಾದದ್ದೆಲ್ಲ ಬರುತ್ತದೆ. ಇದರಿಂದ ಎಷ್ಟೋ ಜನರಿಗೆ ಕಣ್ಣು ಬರುತ್ತದೆ, ಅದು ಸುಳ್ಳಲ್ಲ.

ಮೊನ್ನೆ ಸುಮಿತ್ರಾ ಬ್ರೆಡ್ ತರಲು ಹೋದವಳು ಬಂದು ಚೀಲವನ್ನು ಮೇಜಿನ ಮೇಲಿಟ್ಟಳು.

"ಯಾರ್ರೀ ಅವರು?"

"ಪೇಷಂಟು. ಹಿಂದಿನ ಸಲ ಬಂದಿದ್ದರು."

"ಹೆಸರು?"

ಹೆಸರು ಕ್ಯಾಂಪಿನ ರಿಜಿಸ್ಟರಿನಲ್ಲಿ ಇರಬೇಕು. ರಿಜಿಸ್ಟರ್ ರಾಯಚೂರಿನಲ್ಲಿದೆ. ಫೋಟೋ ತೆಗೆಯಲೇ ಎಂದು ಅವತ್ತು ಕೇಳಿದ್ದೆನೇ? ಕೇಳಿದ ನೆನಪಿಲ್ಲ. ಬೆಳಕು ಚೆನ್ನಾಗಿತ್ತು, ತೆಗೆದೆ. ಪೊರೆ ತೆಗೆದೆವು, ಕನ್ನಡಕ ಕೊಟ್ಟೆವು, ಅವರು ಎದ್ದು ನಡೆದು ಹೋದರು. ಎಲ್ಲಿಗೆ, ಯಾರ ಜೊತೆ, ಗೊತ್ತಿಲ್ಲ. ಬೇಡಲು ಬಂದವರೇ ಎಂದರೆ ಅದೂ ಗೊತ್ತಿಲ್ಲ. ನಾನು ಕಂಡದ್ದು ಖಾಲಿಯಾಗಿದ್ದ ಒಂದು ತಟ್ಟೆಯನ್ನು ಮಾತ್ರ.

ಆ ತಟ್ಟೆಯಲ್ಲಿ ಇದ್ದದ್ದನ್ನು ಅವರು ಯಾರಿಗೆ ಬಡಿಸಿ ಬಂದಿದ್ದರೋ, ನಾನು ಕೇಳಿದ್ದೆನೇ?